ಲಘು ವಿಮಾನ ಅಪಘಾತ: ಹತೋಟಿ ತಪ್ಪಲು ಕಾರಣಗಳು

ಹಾರಾಟದಲ್ಲಿರುವ ವಿಮಾನ ಪೈಲಟ್‌ನ ಹತೋಟಿ ಮೀರಿ ನೆಲಕ್ಕೋ ನೀರಿಗೋ ಬೀಳುವುದು ಸಣ್ಣ ವಿಮಾನಗಳ ಮಾರಣಾಂತಿಕ ಅಪಘಾತಗಳ ಮುಖ್ಯ ಬಗೆಗಳಲ್ಲಿ ಒಂದು. ಅನೇಕ ಸಲ ಎಂಜಿನ್, ರೆಕ್ಕೆ, ಬಾಲ ಯಾವುದೂ ಕೆಟ್ಟಿರುವುದಿಲ್ಲ.

ಮೊದಲು ಶಂಕಿಸುವುದು ಸ್ಟಾಲ್ ಅನ್ನು. ರೆಕ್ಕೆ ಎದುರುಗಾಳಿಗೆ ಸುಮಾರು 15 ಡಿಗ್ರಿ ಮೀರಿ ಓರೆಯಾದರೆ ಮೇಲ್ಮೈಯ ಗಾಳಿಯ ಹರಿವು ಚದುರಿ ಎತ್ತುವ ಬಲ ಕುಸಿಯುತ್ತದೆ. ಸಮತಟ್ಟಾಗಿ ಹಾರುವಾಗ 50 ನಾಟ್‌ನಲ್ಲಿ ಸ್ಟಾಲ್ ಆಗುವ ವಿಮಾನ, ಎತ್ತರ ಬಿಡದೆ 60 ಡಿಗ್ರಿ ವಾಲಿ ತಿರುಗುವಾಗ ಸುಮಾರು 71 ನಾಟ್‌ನಲ್ಲೇ ಸ್ಟಾಲ್ ಆಗುತ್ತದೆ. ಇಳಿಯುವ ಮುಂಚಿನ ಕೊನೆಯ ತಿರುವಿನಲ್ಲಿ ರನ್‌ವೇ ತಪ್ಪೀತೆಂದು ರಡ್ಡರ್ ಅತಿಯಾಗಿ ಒತ್ತಿ ಮೂತಿ ಎತ್ತಿದರೆ ವಿಮಾನ ಸ್ಪಿನ್‌ಗೆ, ಅಂದರೆ ಗಿರಕಿ ಹೊಡೆಯುತ್ತ ಕುಸಿಯುವ ಸ್ಥಿತಿಗೆ, ಬೀಳಬಹುದು. ಅಷ್ಟು ತಗ್ಗಿನಲ್ಲಿ ಸಾವರಿಸಿಕೊಳ್ಳಲು ಎತ್ತರವೇ ಇರುವುದಿಲ್ಲ. ಹಿಂಬದಿಗೆ ಹೆಚ್ಚು ಭಾರ, ರೆಕ್ಕೆಗೆ ಕಟ್ಟಿದ ಹಿಮ, ಬಿಗಿ ತಪ್ಪಿದ ನಿಯಂತ್ರಣ ಕೇಬಲ್ ಕೂಡ ಕಾರಣವಾಗಬಹುದು. ನಿಯಂತ್ರಣಗಳು ಅಲುಗದಂತೆ ನಿಲುಗಡೆಯಲ್ಲಿ ಹಾಕಿದ ಕಂಟ್ರೋಲ್ ಲಾಕ್ ತೆಗೆಯದೆ ಮೇಲೇರಿದವರೂ ಇದ್ದಾರೆ, ನಂಬುವುದು ಕಷ್ಟವಾದರೂ.

ಇವೆಲ್ಲಕ್ಕಿಂತ ಮೋಸದ ಕಾರಣ ದಿಕ್ಕುಗೇಡು. ಕತ್ತಲಲ್ಲಿ, ಮೋಡದಲ್ಲಿ ದಿಗಂತ ಮರೆಯಾದಾಗ ನಿಧಾನದ ತಿರುವು ಒಳಕಿವಿಗೆ ಗೊತ್ತಾಗುವುದಿಲ್ಲ. ವಿಮಾನ ವಾಲಿ ಇಳಿಯುತ್ತಿದ್ದರೂ ನೇರವಾಗಿದೆ ಎನಿಸುತ್ತದೆ. ವಾಲಿಕೆ ಸರಿಪಡಿಸದೆ ಮೂತಿ ಎತ್ತಲು ಎಳೆದಷ್ಟೂ ಸುರುಳಿ ಬಿಗಿಯಾಗುತ್ತದೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ, ಬರೀ ಉಪಕರಣ ನೋಡಿ ಹಾರಿಸುವ ತರಬೇತಿಯಿಲ್ಲದ 20 ಮಂದಿಯೂ ಹೊರನೋಟ ಮರೆಯಾದ ಮೇಲೆ ಸರಾಸರಿ 178 ಸೆಕೆಂಡಿನಲ್ಲಿ ಹತೋಟಿ ಕಳೆದುಕೊಂಡರು.

ಅಮೆರಿಕದ ಮಾಜಿ ಅಧ್ಯಕ್ಷರ ಮಗ ಜಾನ್ ಎಫ್. ಕೆನಡಿ ಜೂನಿಯರ್ ಸತ್ತದ್ದು ಹೀಗೆಯೇ. 1999ರ ಜುಲೈ 16ರ ರಾತ್ರಿ ಅವರು ಪತ್ನಿ ಮತ್ತು ಆಕೆಯ ಅಕ್ಕನೊಂದಿಗೆ ಒಂಟಿ ಎಂಜಿನ್‌ನ ಪೈಪರ್ ಸರಾಟೋಗಾದಲ್ಲಿ ನ್ಯೂಜೆರ್ಸಿಯಿಂದ ಮಾರ್ಥಾಸ್ ವೈನ್‌ಯಾರ್ಡ್ ದ್ವೀಪದತ್ತ ಹೊರಟಿದ್ದರು. ಅವರ ಹಾರಾಟದ ಅನುಭವ ಸುಮಾರು 310 ಗಂಟೆ. ಉಪಕರಣ ಹಾರಾಟದ ಅರ್ಹತೆ ಇರಲಿಲ್ಲ. ಕಡಲ ಮೇಲೆ ಮಬ್ಬು ಕವಿದಿತ್ತು. 5,500 ಅಡಿಯಿಂದ ಇಳಿಯುತ್ತಿದ್ದ ವಿಮಾನ ಸುಮಾರು 2,200 ಅಡಿಯಲ್ಲಿ ಬಲಕ್ಕೆ ಹೊರಳಿತು, ತುಸು ಮೇಲೇರಿತು, ಎಡಕ್ಕೆ ತಿರುಗಿತು, ಮತ್ತೆ ಬಲಕ್ಕೆ ವಾಲಿ ನಿಮಿಷಕ್ಕೆ 4,700 ಅಡಿಗೂ ಮೀರಿದ ವೇಗದಲ್ಲಿ ನೀರಿಗೆ ಇಳಿಯಿತು. ಮೂವರೂ ಸತ್ತರು. ಅವಶೇಷಗಳಲ್ಲಿ ಯಂತ್ರದೋಷದ ಕುರುಹು ಸಿಗಲಿಲ್ಲ. ಪೈಲಟ್‌ನ ದಿಕ್ಕುಗೇಡೇ ಕಾರಣ, ಮಬ್ಬು ಮತ್ತು ಕತ್ತಲು ಅದಕ್ಕೆ ಪೂರಕ ಎಂದು ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2000ದಲ್ಲಿ ತೀರ್ಮಾನಿಸಿತು.