ಹೊಟ್ಟೆಯೊಳಗಿನ ಜಾಳಿಗೆಯಲ್ಲೂ ಅದೇ, ಮೊಬೈಲ್ ಬ್ಯಾಟರಿಯಲ್ಲೂ ಅದೇ: ಪಾಲಿಮರ್, ಕಾರ್ಬನ್ ಬಗ್ಗೆ ಗೊತ್ತಿರಬೇಕಾದ್ದು

ಬೆಳಗಾವಿ: ಖಡೇಬಜಾರ್‌ನಲ್ಲಿ ಸಿಗುವ ಪ್ಲಾಸ್ಟಿಕ್ ಬಕೆಟ್, ಹರ್ನಿಯಾ ಆಪರೇಷನ್‌ನಲ್ಲಿ ಹೊಟ್ಟೆಯೊಳಗೆ ಇಡುವ ಜಾಳಿಗೆ, ಬ್ಯಾಟರಿಯೊಳಗಿನ ತೆಳು ಪರದೆ. ಈ ಮೂರಕ್ಕೂ ಹೆಚ್ಚಾಗಿ ಬಳಕೆಯಾಗೋದು ಪಾಲಿಪ್ರೊಪಿಲೀನ್ ಎಂಬ ಪಾಲಿಮರ್. ಪಾಲಿಮರ್ ಅಂದ್ರೆ ಸಣ್ಣ ಅಣುಗಳು ಸರಪಳಿಯಂತೆ ಕೂಡಿಕೊಂಡ ವಸ್ತು. ಶುದ್ಧತೆ, ತಯಾರಿಸುವ ರೀತಿ ಮಾತ್ರ ಬೇರೆ ಬೇರೆ.

ಎಲ್ಲ ಹೊಲಿಗೆ ಕರಗೋದಿಲ್ಲ

ಗಾಯಕ್ಕೆ ಹಾಕುವ ದಾರದಲ್ಲಿ ಎರಡು ಬಗೆ. ಪಾಲಿಗ್ಲೈಕಾಲಿಕ್ ಆಸಿಡ್, ಪಾಲಿಗ್ಲಾಕ್ಟಿನ್ ದಾರಗಳು ದೇಹದ ನೀರಿನಂಶಕ್ಕೇ ಒಡೆದು ಎರಡು-ಮೂರು ತಿಂಗಳಲ್ಲಿ ಕರಗುತ್ತವೆ. ನೈಲಾನ್, ಪಾಲಿಪ್ರೊಪಿಲೀನ್ ದಾರ ಹಾಗಲ್ಲ, ಚರ್ಮದ ಮೇಲಿದ್ದರೆ ತೆಗೆಸಲೇಬೇಕು. ಮುಖದ ಹೊಲಿಗೆ ಸುಮಾರು 5 ದಿನಕ್ಕೆ, ಕೈಕಾಲಿನದು 10ರಿಂದ 14 ದಿನಕ್ಕೆ ತೆಗೆಯೋದು ರೂಢಿ. ತಡವಾದರೆ ಕಲೆ ಉಳಿಯುತ್ತದೆ, ಕೀವು ಆಗುವ ಭಯವೂ ಉಂಟು.

ಖಾನಾಪುರ ತಾಲೂಕಿನ ಕಣಕುಂಬಿ, ಜಾಂಬೋಟಿ ಕಡೆಯವರಿಗೆ ಮಳೆಗಾಲದಲ್ಲಿ ಬೆಳಗಾವಿಗೆ ಬಂದು ಹೋಗೋದೇ ಒಂದು ದಿನದ ಕೆಲಸ. ಡಿಸ್ಚಾರ್ಜ್ ಆಗುವಾಗಲೇ ‘ಇದು ಕರಗೋ ದಾರಾನಾ, ತೆಗೆಸೋದಾ, ಯಾವಾಗ?’ ಅಂತ ಕೇಳಿ ಚೀಟಿ ಮೇಲೆ ಬರೆಸಿಕೊಳ್ಳಬೇಕು. ವೈದ್ಯರು ಒಪ್ಪಿದರೆ ಹೊಲಿಗೆಯನ್ನು ಊರ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ತೆಗೆಸಬಹುದು.

ಹೃದಯದ ಕೃತಕ ಕವಾಟಗಳಲ್ಲಿ ಅನೇಕವು ಕಾರ್ಬನ್‌ನಿಂದ ಆದಂಥವು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿ, 1990ರಲ್ಲಿ ಮೊದಲ ಸಲ ರೋಗಿಗೆ ಅಳವಡಿಸಿದ ಕವಾಟದ ಬಿಲ್ಲೆ ಮಾತ್ರ ಪಾಲಿಎಥಿಲೀನ್‌ನದು. ಯಾವುದೇ ಇರಲಿ, ಇಂಥ ಯಾಂತ್ರಿಕ ಕವಾಟ ಹಾಕಿಸಿಕೊಂಡವರು ರಕ್ತ ತೆಳು ಮಾಡುವ ಮಾತ್ರೆ ತಾವಾಗಿ ನಿಲ್ಲಿಸಬಾರದು.

ಬ್ಯಾಟರಿ ಉಬ್ಬಿದರೆ

ಮೊಬೈಲ್, ಇ-ಸ್ಕೂಟರ್‌ಗಳ ಲಿಥಿಯಂ ಬ್ಯಾಟರಿಯ ಒಂದು ಬದಿಗೆ ಗ್ರಾಫೈಟ್ ಇರುತ್ತದೆ. ಅದೂ ಪೆನ್ಸಿಲ್ ಕಡ್ಡಿಯಲ್ಲಿರುವ ಕಾರ್ಬನ್ನೇ. 1985ರಲ್ಲಿ ಜಪಾನಿನ ಅಕಿರಾ ಯೋಶಿನೊ ಇಲ್ಲಿ ಕಾರ್ಬನ್ ಬಳಸಿದ ಮೇಲೆಯೇ ಈ ಬ್ಯಾಟರಿ ಸುರಕ್ಷಿತವಾಗಿ ಮಾರುಕಟ್ಟೆಗೆ ಬರುವಂತಾಯ್ತು. 2019ರ ನೊಬೆಲ್ ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು.

ಎರಡು ಬದಿಗಳ ನಡುವೆ ಇರೋದು ಕೂದಲಿಗಿಂತ ತೆಳುವಾದ ಪಾಲಿಮರ್ ಪರದೆ. ಅದು ಹರಿದರೆ ಒಳಗೇ ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಹಾಗಾಗಿ ಬ್ಯಾಟರಿ ಉಬ್ಬಿದ್ದರೆ ಒಳಗೆ ಗ್ಯಾಸ್ ತುಂಬಿದೆ ಎಂದೇ ಅರ್ಥ. ಚಾರ್ಜಿಗೆ ಹಾಕಬಾರದು, ಒತ್ತಬಾರದು, ಸೂಜಿ ಚುಚ್ಚಿ ಗ್ಯಾಸ್ ಬಿಡೋ ಸಾಹಸವಂತೂ ಬೇಡವೇ ಬೇಡ. ರಿಪೇರಿ ಅಂಗಡಿಯವರು ಅಂಟಿಕೊಂಡ ಬ್ಯಾಟರಿಯನ್ನು ಸ್ಕ್ರೂಡ್ರೈವರ್‌ನಿಂದ ಎಬ್ಬಿಸೋ ಬದಲು ಪ್ಲಾಸ್ಟಿಕ್ ಪಟ್ಟಿ ಬಳಸೋದು ಒಳ್ಳೇದು.

ಹಳೇ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮದ ಪ್ರಕಾರ ಬಳಕೆದಾರರು ಅದನ್ನು ಬೇರೆ ಇಟ್ಟು ಸಂಗ್ರಹ ಮಾಡುವವರಿಗೆ ಕೊಡಬೇಕು. ಸಂಗ್ರಹ ಮತ್ತು ಮರುಬಳಕೆಯ ಹೊಣೆ ತಯಾರಕ ಕಂಪನಿಯದು. ಕೊಡೋತನಕ ತುದಿಗಳಿಗೆ ಟೇಪ್ ಸುತ್ತಿ, ರಟ್ಟು, ಸೀಮೆಎಣ್ಣೆ, ಗ್ಯಾಸ್ ಸಿಲಿಂಡರ್‌ಗಳಿಂದ ದೂರ ಇಡಬೇಕು.