ಐದು ವೋಲ್ಟಿನ ಪಾರುಪತ್ಯ

ಯಂತ್ರಗಳ ಒಳಮಾತಿಗೆ ಎರಡೇ ಅಕ್ಷರ: ಸೊನ್ನೆ, ಒಂದು. ಎಷ್ಟು ವೋಲ್ಟಿದ್ದರೆ ‘ಒಂದು’ ಎಂಬುದಕ್ಕೆ ಮಾತ್ರ ಕಟ್ಟಳೆ ಬೇಕು. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ 1964ರಿಂದ ಹೊರತಂದ ಟಿ.ಟಿ.ಎಲ್. ಬಿಲ್ಲೆಗಳು ಹರಡಿದಂತೆ 5 ವೋಲ್ಟಿನ ಪೂರೈಕೆಯೇ ರೂಢಿಯಾಯಿತು. ಒಳಬರುವ ಸಂಕೇತ 2 ವೋಲ್ಟು ಮೀರಿದರೆ ಒಂದು, 0.8ಕ್ಕಿಂತ ಕೆಳಗಿದ್ದರೆ ಸೊನ್ನೆ. ಮುಂದೆ ಟ್ರಾನ್ಸಿಸ್ಟರುಗಳು ಕಿರಿದಾಗುತ್ತ ಬಂದು, ಅವುಗಳ ತೆಳು ಆಕ್ಸೈಡ್ ಪದರ ಆ ಒತ್ತಡವನ್ನು ತಾಳದಾಯಿತು. 1990ರ ದಶಕದಲ್ಲಿ 3.3 ವೋಲ್ಟು ಬಳಕೆಗೆ ಬಂತು. ಹಳೆಯದೇನೂ ಮನೆ ಬಿಟ್ಟು ಹೋಗಲಿಲ್ಲ. ತೊಡಕು ಹುಟ್ಟಿದ್ದೇ ಇಲ್ಲಿ.

1997ರಲ್ಲಿ ಹಾಲೆಂಡಿನ ಫಿಲಿಪ್ಸ್ ಸಂಸ್ಥೆಯ ಟಿಪ್ಪಣಿಯೊಂದು, ತಂತಿಗೊಂದು ಮಾಸ್‌ಫೆಟ್ ಟ್ರಾನ್ಸಿಸ್ಟರು, ಎರಡು ರೋಧಕಗಳು ಸಾಕೆಂದು ತೋರಿಸಿತು. ಯಾವ ಪಕ್ಕದವರು ತಂತಿಯನ್ನು ಸೊನ್ನೆಗೆಳೆದರೂ ಇನ್ನೊಂದು ಪಕ್ಕವೂ ಇಳಿಯುತ್ತದೆ. ಕೈಬಿಟ್ಟರೆ ಎರಡೂ ರೋಧಕಗಳ ಬಲದಿಂದ ತಮ್ಮ ತಮ್ಮ ಮಟ್ಟಕ್ಕೆ ಏರುತ್ತವೆ. ಇಷ್ಟು ಅಗ್ಗದ ದುಭಾಷಿ ಬೇರೆಲ್ಲಿ ಸಿಕ್ಕಾನು!

2010ರ ಆರ್ಡುಯಿನೊ ಊನೊ 5 ವೋಲ್ಟಿನ ಹಲಗೆ. 2014ರಲ್ಲಿ ಹವ್ಯಾಸಿಗಳ ಕೈಸೇರಿದ ಇಎಸ್‌ಪಿ8266 ವೈಫೈ ಘಟಕ 3.3ರದು. ಘಟಕದ ನುಡಿ ಊನೊಗೆ ಕೇಳಿಸುತ್ತದೆ, ಅದಕ್ಕೆ 3 ವೋಲ್ಟು ಸಾಕು. ಊನೊ ನೇರವಾಗಿ ಉತ್ತರಿಸಿದರೋ, ಘಟಕ ಸುಟ್ಟೀತು. ಅದಕ್ಕೆಂದೇ ಆ ಕಡೆಯ ತಂತಿಗೆ 1 ಮತ್ತು 2 ಕಿಲೋ-ಓಮಿನ ರೋಧಕಗಳ ಜೋಡಿ ಕಟ್ಟಿ, 5ನ್ನು 3.3ಕ್ಕೆ ಇಳಿಸುತ್ತಾರೆ.