ಪ್ರಾಣಿಗಳ ಉಸಿರಾಟ ಮತ್ತು ಹಳ್ಳದ ನೀರು: ಹೊಂಗಡಹಳ್ಳ ಪ್ರದೇಶದ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ಹೊಂಗಡಹಳ್ಳವು ಪಶ್ಚಿಮಘಟ್ಟದ ಅಂಚಿನಲ್ಲಿದೆ. ಇಲ್ಲಿನ ನೀರು ಪಶ್ಚಿಮಕ್ಕೆ ಹರಿದು ಗುಂಡ್ಯ ಹೊಳೆ ಹಾಗೂ ಕುಮಾರಧಾರಾ ನದಿಯ ಮೂಲಕ ನೇತ್ರಾವತಿಯನ್ನು ಸೇರುತ್ತದೆ. ಈ ಪರಿಸರದ ಪ್ರಾಣಿಗಳು ಉಸಿರಾಡುವ ಬಗೆಯನ್ನೂ, ಕಾಫಿ ಪಲ್ಪಿಂಗ್ ನೀರನ್ನು ಹಳ್ಳಕ್ಕೆ ಬಿಡಬಾರದೆಂಬ ನಿಯಮದ ಹಿಂದಿನ ಕಾರಣವನ್ನೂ ಇಲ್ಲಿ ವಿವರಿಸಲಾಗಿದೆ.

1. ಅನಿಲ ವಿನಿಮಯ ಎಂದರೇನು?

ದೇಹಕ್ಕೆ ಆಮ್ಲಜನಕವನ್ನು ಪಡೆದು ಇಂಗಾಲದ ಡೈ ಆಕ್ಸೈಡನ್ನು ಹೊರಹಾಕುವ ಕ್ರಿಯೆಯೇ ಅನಿಲ ವಿನಿಮಯ. ಇದು ಯಾವ ಪ್ರಾಣಿಯಲ್ಲಿಯೇ ಆಗಲಿ ತೆಳುವಾದ, ತೇವವುಳ್ಳ ಪದರದ ಮೂಲಕ ನಡೆಯುತ್ತದೆ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 210 ಮಿಲಿಲೀಟರ್ ಆಮ್ಲಜನಕವಿರುತ್ತದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ನೀರಿನಲ್ಲಿ ಕರಗಿರುವುದು ಸುಮಾರು 6 ಮಿಲಿಲೀಟರ್ ಮಾತ್ರ. ನೀರು ಬಿಸಿಯಾದಷ್ಟೂ ಈ ಪ್ರಮಾಣ ಇನ್ನೂ ಕುಗ್ಗುತ್ತದೆ.

2. ಉಸಿರಾಟದ ವಿಧಗಳು

(ಅ) ಚರ್ಮ: ಎರೆಹುಳು ಮತ್ತು ಇಂಬಳಗಳಿಗೆ ಶ್ವಾಸಕೋಶವಿಲ್ಲ; ತೇವವಾದ ಚರ್ಮದಿಂದಲೇ ಉಸಿರಾಡುತ್ತವೆ. ಕಪ್ಪೆಗಳಿಗೆ ಶ್ವಾಸಕೋಶವಿದ್ದರೂ ಚರ್ಮದ ಮೂಲಕವೂ ಅನಿಲ ವಿನಿಮಯ ನಡೆಯುತ್ತದೆ. ಗುಂಡ್ಯದ ಹೆಸರನ್ನೇ ಪಡೆದು 1986ರಲ್ಲಿ ವಿಜ್ಞಾನಕ್ಕೆ ಪರಿಚಯವಾದ 'ಇಂಡಿರಾನಾ ಗುಂಡಿಯಾ' ಈ ಭಾಗದ ಕಪ್ಪೆ. ಈ ಕುಲದ ಗೊದಮೊಟ್ಟೆಗಳು ನೀರು ಒಸರುವ ಬಂಡೆಗಳ ಮೇಲೆ ಬೆಳೆಯುತ್ತವೆ.

(ಆ) ಕಿವಿರು: ಮೀನು ಮತ್ತು ಏಡಿಗಳು ಕಿವಿರುಗಳಿಂದ ಉಸಿರಾಡುತ್ತವೆ. ಕೊರವ ಮೀನು ನೀರಿನ ಮೇಲ್ಭಾಗಕ್ಕೆ ಬಂದು ಗಾಳಿಯನ್ನೂ ಸೇವಿಸಬಲ್ಲದು. ಹರಿಯುವ ಹಳ್ಳದ ಬಹುತೇಕ ಮೀನುಗಳಿಗೆ ಈ ಅನುಕೂಲವಿಲ್ಲ.

(ಇ) ಶ್ವಾಸನಾಳಗಳು: ಕೀಟಗಳ ದೇಹದ ಪಕ್ಕದಲ್ಲಿರುವ ಸಣ್ಣ ರಂಧ್ರಗಳಿಂದ ಗಾಳಿಯು ಕವಲೊಡೆದ ನಾಳಗಳ ಮೂಲಕ ನೇರವಾಗಿ ಅಂಗಾಂಶಗಳನ್ನು ತಲುಪುತ್ತದೆ. ಆದರೆ ಏರೋಪ್ಲೇನ್ ಚಿಟ್ಟೆಯ ಮರಿಗಳು ನೀರಿನಲ್ಲಿದ್ದು ಕಿವಿರುಗಳನ್ನೇ ಅವಲಂಬಿಸಿವೆ.

(ಈ) ಶ್ವಾಸಕೋಶ: ಹಾವು, ಹಕ್ಕಿ, ದನಕರು, ಆನೆ ಹಾಗೂ ಮನುಷ್ಯರು ಶ್ವಾಸಕೋಶದಿಂದ ಉಸಿರಾಡುತ್ತಾರೆ. ಹಕ್ಕಿಗಳಿಗೆ ಇದರೊಂದಿಗೆ ಗಾಳಿಚೀಲಗಳೂ ಇವೆ.

3. ಪಲ್ಪಿಂಗ್ ನೀರಿನಿಂದಾಗುವ ಹಾನಿ

ಕಾಫಿ ಹಣ್ಣಿನ ಸಿಪ್ಪೆ ಮತ್ತು ಲೋಳೆಯಲ್ಲಿ ಸಕ್ಕರೆಯ ಅಂಶವಿರುತ್ತದೆ. ಇದು ಹಳ್ಳಕ್ಕೆ ಸೇರಿದಾಗ ಸೂಕ್ಷ್ಮಜೀವಿಗಳು ವೃದ್ಧಿಯಾಗಿ, ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿಬಿಡುತ್ತವೆ. ಕಾಫಿ ಕೊಯ್ಲು ಮತ್ತು ಪಲ್ಪಿಂಗ್ ನಡೆಯುವುದು ಮಳೆ ನಿಂತು ಹಳ್ಳದ ಹರಿವು ಕಡಿಮೆಯಾಗುವ ತಿಂಗಳುಗಳಲ್ಲಿಯೇ. ಆದ್ದರಿಂದ ಹಾನಿಯು ದುಪ್ಪಟ್ಟಾಗುತ್ತದೆ. ಆನೆ, ಹಕ್ಕಿಗಳು ಬೇರೆಡೆಗೆ ಹೋಗಬಹುದು. ಮಡುವಿನಲ್ಲಿ ಸಿಲುಕಿದ ಮೀನು, ಗೊದಮೊಟ್ಟೆಗಳು ಉಸಿರುಕಟ್ಟಿ ಸಾಯುತ್ತವೆ. ಕೆಳಭಾಗದ ಗ್ರಾಮಸ್ಥರಿಗೂ ಜಾನುವಾರುಗಳಿಗೂ ದೊರೆಯುವುದು ಇದೇ ನೀರು.

4. ನಿಯಮಗಳು

ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮ, 1974ರ 24ನೇ ಪ್ರಕರಣದಂತೆ ಮಾಲಿನ್ಯಕಾರಕ ವಸ್ತುವನ್ನು ತಿಳಿದೂ ಹಳ್ಳ ಅಥವಾ ಬಾವಿಗೆ ಬಿಡುವುದು ನಿಷಿದ್ಧ. ತ್ಯಾಜ್ಯ ನೀರು ಹೊರಬರುವಂತಹ ಘಟಕವನ್ನು ಸ್ಥಾಪಿಸುವವರು 25ನೇ ಪ್ರಕರಣದಡಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯನ್ನು ಮುಂಚಿತವಾಗಿ ಪಡೆಯತಕ್ಕದ್ದು.

5. ಸಾರ್ವಜನಿಕರ ಗಮನಕ್ಕೆ

(ಅ) ಪಲ್ಪಿಂಗ್ ನೀರನ್ನು ಹಳ್ಳದಿಂದ ದೂರದ, ಸೋರದ ತೊಟ್ಟಿಗಳಲ್ಲಿ ಸಂಗ್ರಹಿಸಿ ಸಂಸ್ಕರಿಸತಕ್ಕದ್ದು.

(ಆ) ಔಷಧಿ ಸಿಂಪಡಿಸುವ ಯಂತ್ರಗಳನ್ನು ಹಳ್ಳದಲ್ಲಿ ತೊಳೆಯಬಾರದು.

(ಇ) ಮೀನುಗಳು ಗುಂಪಾಗಿ ಮೇಲೆ ಬಂದು ಬಾಯಿ ತೆರೆಯುತ್ತಿದ್ದಲ್ಲಿ ಅದು ಆಮ್ಲಜನಕದ ಕೊರತೆಯ ಲಕ್ಷಣವಾಗಿರಬಹುದು. ಸತ್ತ ಮೀನುಗಳನ್ನು ಆಹಾರವಾಗಿ ಬಳಸಬಾರದು.

(ಈ) ಇಂತಹ ಸಂದರ್ಭದಲ್ಲಿ ಸ್ಥಳ, ದಿನಾಂಕ, ವೇಳೆ ಹಾಗೂ ನೀರಿನ ಬಣ್ಣ, ವಾಸನೆಗಳನ್ನು ನಮೂದಿಸಿ, ಸಾಧ್ಯವಾದಲ್ಲಿ ಛಾಯಾಚಿತ್ರದೊಂದಿಗೆ, ಮಂಡಳಿಯ ಹಾಸನ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಸಲ್ಲಿಸಬಹುದು. ಹರಿಯುವ ನೀರಿನಲ್ಲಿ ಮಾಲಿನ್ಯದ ಕುರುಹು ಬೇಗನೆ ಅಳಿಸಿಹೋಗುವುದರಿಂದ ವಿಳಂಬ ಮಾಡದಿರಲು ಕೋರಲಾಗಿದೆ.